ಹಿನ್ನೀರಿನ ದೋಣಿಗೆ ಸಾಗರದ ಮರಗೆಲಸ: ಎರಡು ಮಳೆಗಾಲ ಕಳೆದ ಮೇಲೊಂದು ವಿಮರ್ಶೆ

ಸಾಗರ ಪಟ್ಟಣದ ಹೊರವಲಯದ ಒಂದು ಮರಗೆಲಸದ ಕಾರ್ಖಾನೆಯಲ್ಲಿ ನಮ್ಮ ವಿಹಾರದೋಣಿಯ ಒಳಾಂಗಣವನ್ನು ಮಾಡಿಸಿ ಎರಡು ಮಳೆಗಾಲ ಕಳೆದಿವೆ. ಕೆಲಸ ಮುಗಿದ ವಾರದಲ್ಲೇ ಬರೆದಿದ್ದರೆ ಈ ವಿಮರ್ಶೆಯಲ್ಲಿ ಹೊಗಳಿಕೆಯಷ್ಟೇ ಇರುತ್ತಿತ್ತು. ಮೊದಲ ಆಷಾಢದ ನಡುವೆ ಬರೆದಿದ್ದರೆ ಬೈಗುಳವಷ್ಟೇ ಇರುತ್ತಿತ್ತು. ಎರಡೂ ಅನ್ಯಾಯವಾಗುತ್ತಿದ್ದವಾದ್ದರಿಂದ ಕಾದು ಈಗ ಬರೆಯುತ್ತಿದ್ದೇನೆ. ಕಾರ್ಖಾನೆಯ ಹೆಸರನ್ನು ಹೇಳುವುದಿಲ್ಲ. ಅವರ ತಪ್ಪುಗಳನ್ನು ಬಿಡಿಸಿ ಹೇಳಬೇಕಾಗಿದೆ, ಮತ್ತು ಆ ತಪ್ಪುಗಳಲ್ಲಿ ಒಂದೆರಡಕ್ಕೆ ನಾವೂ ಪಾಲುದಾರರು.

ದೋಣಿಯ ವಿಚಾರ ಮೊದಲು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಹೊಳೆಯ ಬದಿಯಲ್ಲಿದ್ದ ನಮ್ಮ ಹಿರಿಯರ ಗದ್ದೆಗಳು ನೀರಿನಡಿ ಹೋದವು. ಮೇಲೆ ಉಳಿದ ತೋಟದ ಬುಡಕ್ಕೆ ಹಿನ್ನೀರು ಬಂದು ನಿಂತಿತು. ಚಿಕ್ಕಂದಿನಿಂದ ಲಾಂಚ್ ಹತ್ತಿ ಹೊಳೆ ದಾಟಿದವರಿಗೆ ಸ್ವಂತದ್ದೊಂದು ದೋಣಿ ಇರಬೇಕೆಂಬ ಆಸೆ ಸಹಜ. ಸರಕು ಹಡಗುಗಳಲ್ಲಿ ಇಂಜಿನಿಯರ್ ಆಗಿ ದುಡಿದು ನಿವೃತ್ತರಾದ ನಮ್ಮ ಭಾವನವರು ಕರಾವಳಿಯಲ್ಲಿ ಹಳೆಯ ಫೈಬರ್ ದೋಣಿಯೊಂದನ್ನು ಕಂಡುಹಿಡಿದರು. ಉದ್ದ 28 ಅಡಿ, ಅಗಲ 9 ಅಡಿ, ಡೀಸೆಲ್ ಇಂಜಿನ್. ಒಡಲು ಗಟ್ಟಿಯಾಗಿತ್ತು, ಒಳಗಿನ ಕ್ಯಾಬಿನ್ ಮಾತ್ರ ಪೂರ್ತಿ ಕೊಳೆತಿತ್ತು. ಲಾರಿಯ ಮೇಲೆ ಹೇರಿಸಿ, ಹೊನ್ನಾವರದಿಂದ ಗೇರುಸೊಪ್ಪದ ಘಟ್ಟ ಹತ್ತಿಸಿ ತಂದೆವು. ಕೊಳೆತದ್ದನ್ನೆಲ್ಲ ಕಿತ್ತು ಹಾಕಿದಾಗ ಉಳಿದದ್ದು ಒಂದು ದೊಡ್ಡ ಬಿಳಿ ತೊಟ್ಟಿ. ನಾಲ್ವರು ಮಲಗುವಂತೆ, ಅಡುಗೆ ಮಾಡುವಂತೆ, ಮಳೆ ಬಂದರೆ ಒಳಗೆ ಕುಳಿತು ಇಸ್ಪೀಟು ಆಡುವಂತೆ ಆ ತೊಟ್ಟಿಯನ್ನು ಮಾಡಿಕೊಡಬೇಕೆಂಬುದು ನಾವು ಒಪ್ಪಿಸಿದ ಕೆಲಸ.

ಈ ಕಾರ್ಖಾನೆಯವರು ದೋಣಿಯ ಕೆಲಸ ಮಾಡಿದವರಲ್ಲ. ಮನೆಗಳ ಬಾಗಿಲುವಾಡ, ದೇವರ ಮಂಟಪ, ಅಡುಗೆಮನೆಯ ಕಪಾಟು ಇವುಗಳಲ್ಲಿ ಅವರಿಗೆ ಒಳ್ಳೆಯ ಹೆಸರಿದೆ, ಮತ್ತು ಆ ಹೆಸರು ಸುಳ್ಳಲ್ಲ. ಅವರ ಬಲವೂ ಅದೇ, ತೊಡಕೂ ಅದೇ. ಮನೆ ಕಟ್ಟಿದ ಕೈಗೆ ದೋಣಿಯು ಒಂದು ಪುಟ್ಟ ಮನೆಯಂತೆ ಕಾಣುತ್ತದೆ. ಮನೆಯ ಬುಡ ಅಲುಗುವುದಿಲ್ಲ, ತೂಕ ಹೆಚ್ಚಾದರೆ ಮುಳುಗುವುದಿಲ್ಲ, ಗೋಡೆಯ ಹಿಂದೆ ಏನಾಗುತ್ತಿದೆಯೆಂದು ತಿಂಗಳಿಗೊಮ್ಮೆ ಇಣುಕಿ ನೋಡಬೇಕಾಗಿಯೂ ಇಲ್ಲ.

ಮೊದಲ ಜಟಾಪಟಿ ತೂಕದ ಮೇಲೆಯೇ ನಡೆಯಿತು. ಅವರು ತಂದ ನಕ್ಷೆಯಲ್ಲಿ ಎಲ್ಲಕ್ಕೂ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಇತ್ತು, ಒಟ್ಟು 22 ಹಾಳೆ. ಎಂಟು ಅಡಿಗೆ ನಾಲ್ಕು ಅಡಿಯ ಅಂಥ ಒಂದು ಹಾಳೆ ಸುಮಾರು 35 ಕಿಲೋ ತೂಗುತ್ತದೆ. ಭಾವನವರು ಅಲ್ಲೇ ಗುಣಿಸಿ, ಮುಕ್ಕಾಲು ಟನ್ನಿಗೂ ಹೆಚ್ಚು ಬರಿಯ ಹಲಗೆಯೇ ಆಯಿತಲ್ಲ ಎಂದರು. ಮೇಸ್ತ್ರಿಗಳಿಗೆ ಬೇಸರವಾಯಿತು. “ಹೆಗಡೇರೇ, ಹದಿನೆಂಟಕ್ಕಿಂತ ತೆಳು ಹಾಳೆ ಹಾಕಿದ್ರೆ ನಾಳೆ ಜನ ನಮ್ಮನ್ನೇ ಆಡ್ಕೊಳ್ತಾರೆ” ಎಂದರು. ಮನೆಯ ಕೆಲಸದಲ್ಲಿ ಆ ಮಾತು ನಿಜ. ದೋಣಿಯಲ್ಲಿ ಬಲ ಬರಬೇಕಾದದ್ದು ಹಾಳೆಯ ದಪ್ಪದಿಂದಲ್ಲ, ತೆಳು ಹಾಳೆಯ ಹಿಂದೆ ಕೊಡುವ ಚೌಕಟ್ಟಿನಿಂದ ಮತ್ತು ಹಾಳೆಗಳು ಒಂದಕ್ಕೊಂದು ಆತುಕೊಳ್ಳುವ ಬಗೆಯಿಂದ. ಮೂರು ದಿನ ಚರ್ಚೆಯಾದ ಮೇಲೆ, ಮಲಗುವ ಮಂಚಗಳ ಆಧಾರಕ್ಕೆ ಮಾತ್ರ 18ರ ಎರಡು ಹಾಳೆ, ಅಡ್ಡಗೋಡೆ ಮತ್ತು ಮಂಚದ ಮೈಗೆ 12ರ ಒಂಬತ್ತು, ಒಳಮೈ ಹೊದಿಕೆಗೆ ಮತ್ತು ಕಪಾಟುಗಳ ಬೆನ್ನಿಗೆ 6ರ ಹನ್ನೊಂದು ಎಂದು ತೀರ್ಮಾನವಾಯಿತು. ಹಾಳೆಗಳ ಎಣಿಕೆ ಅಷ್ಟೇ ಇದ್ದರೂ ತೂಕದಲ್ಲಿ ಸುಮಾರು 360 ಕಿಲೋ ಉಳಿಯಿತು, ಅಂದರೆ ಐದಾರು ಜನ ದೊಡ್ಡವರ ಭಾರ. ಇದನ್ನು ಅವರು ಒಪ್ಪಿಕೊಂಡದ್ದಷ್ಟೇ ಅಲ್ಲ, ಒಪ್ಪಿದ ಮೇಲೆ ಚೌಕಟ್ಟುಗಳನ್ನು ಬಹಳ ಶ್ರದ್ಧೆಯಿಂದ ಮಾಡಿದರು. ಇಂದಿಗೂ ಒಂದು ಅಡ್ಡಗೋಡೆ ಕಿರುಗುಟ್ಟಿಲ್ಲ.

ಆದರೆ ತೂಕ ಎಷ್ಟು ಎಂಬುದನ್ನು ನೋಡಿದ ನಾವೆಲ್ಲರೂ ತೂಕ ಎಲ್ಲಿ ಎಂಬುದನ್ನು ಮರೆತಿದ್ದೆವು. ಅಡುಗೆಕಟ್ಟೆ, ನೀರಿನ ಟ್ಯಾಂಕು, ಬ್ಯಾಟರಿ ಮೂರೂ ಎಡಮಗ್ಗುಲಿಗೆ ಬಂದಿದ್ದವು. ದೋಣಿಯನ್ನು ನೀರಿಗಿಳಿಸಿದ ದಿನ ಅದು ಕಟ್ಟೆಯ ಮೇಲೆ ಕವಳ ಹಾಕಿ ಕುಳಿತ ಅಜ್ಜನಂತೆ ಎಡಕ್ಕೆ ವಾಲಿ ನಿಂತಿತು. ಬ್ಯಾಟರಿಗಳನ್ನು ಬಲಕ್ಕೆ ಸಾಗಿಸಿ ಸರಿಮಾಡಿದೆವು. ಈ ತಪ್ಪನ್ನು ಕಾರ್ಖಾನೆಯವರ ತಲೆಗೆ ಕಟ್ಟುವುದು ಸರಿಯಲ್ಲ, ನಕ್ಷೆಗೆ ಸಹಿ ಹಾಕಿದವರು ನಾವು.

ಪ್ಲೈವುಡ್ಡಿನ ಗುಣಮಟ್ಟದಲ್ಲಿ ಅವರು ನಡೆದುಕೊಂಡ ರೀತಿ ಮೆಚ್ಚುವಂಥದ್ದು. ದೋಣಿಗೆ ಬೇಕಾದದ್ದು ಐಎಸ್ 710 ಮುದ್ರೆಯ ಮೆರೀನ್ ಪ್ಲೈವುಡ್. ಫಿನಾಲ್ ಫಾರ್ಮಾಲ್ಡಿಹೈಡ್ ಅಂಟಿನಿಂದ ಪದರಗಳನ್ನು ಕೂಡಿಸಿದ ಆ ಹಾಳೆ 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಬಿಚ್ಚಿಕೊಳ್ಳಬಾರದು ಎಂಬುದು ಪರೀಕ್ಷೆಯ ಕ್ರಮ. ಮುದ್ರೆಯನ್ನು ನಂಬುವುದು ಹೇಗೆ ಎಂದು ನಾನು ಕೇಳಿದಾಗ ಅವರು ಮುನಿಸಿಕೊಳ್ಳದೆ ಒಂದು ತುಂಡನ್ನು ಕತ್ತರಿಸಿ ಕೊಟ್ಟರು. ಅದು ಅಡಿಕೆ ಸುಲಿಗೆಯ ಕಾಲ. ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಹೇಗೂ ಬೆಂಕಿ ಇತ್ತು. ತುಂಡಿಗೆ ದಾರ ಕಟ್ಟಿ ಮೂರು ಹಗಲು ಮೂರು ರಾತ್ರಿ ಇಳಿಬಿಟ್ಟೆವು. ಚೊಗರು ಹಿಡಿದು ಕೆಂಪಾಗಿ ಹೊರಬಂದಿತೇ ಹೊರತು ಒಂದು ಪದರವೂ ಏಳಲಿಲ್ಲ. ಪ್ರಯೋಗಾಲಯದವರು ಈ ಕ್ರಮವನ್ನು ಒಪ್ಪಲಾರರು, ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದರು.

ಮರದ ಆಯ್ಕೆಯಲ್ಲಿ ಅವರ ತಿಳಿವಳಿಕೆ ನಮಗಿಂತ ಎಷ್ಟೋ ಮೇಲಿನದು. ನನಗೆ ಬೀಟೆಯ ಮೇಲೆ ಮೋಹವಿತ್ತು. ಅಜ್ಜನ ಕಾಲದ ಬೀಟೆಯ ತೊಲೆಯೊಂದು ಅಟ್ಟದಲ್ಲಿತ್ತು. ಬೀಟೆ ತೇಗಕ್ಕಿಂತ ಎಷ್ಟೋ ಭಾರದ ಮರ, ಮೇಜಿನ ಅಂಚಿಗೆ ಬೇಕಾದರೆ ಇರಲಿ ಎಂದು ಹಿರಿಯ ಆಚಾರ್ರು ಹೇಳಿದರು. ಉಳಿದ ಗಟ್ಟಿಮರವೆಲ್ಲ ಅರಣ್ಯ ಇಲಾಖೆಯ ಡಿಪೋದಿಂದ ರಹದಾರಿ ಸಹಿತ ತಂದ ತೇಗ. ತೇಗದಲ್ಲಿ ಸಹಜವಾಗಿರುವ ಎಣ್ಣೆ ಅದನ್ನು ನೀರಿನಿಂದ ಕಾಪಾಡುತ್ತದೆ, ಅದೇ ಎಣ್ಣೆ ಅಂಟು ಹಿಡಿಯದಂತೆಯೂ ಮಾಡುತ್ತದೆ. ಅಂಟು ಹಚ್ಚುವ ಮೊದಲು ಪ್ರತಿಯೊಂದು ಜೋಡಣೆಯನ್ನೂ ಅಸಿಟೋನ್ ಬಟ್ಟೆಯಿಂದ ಒರೆಸಿ ಒಡನೆಯೇ ಕೂಡಿಸಬೇಕೆಂದು ಭಾವನವರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಚಾರ್ರು ಒರೆಸಿ ಮುಗಿಸಿದ್ದರು. ವಿದೇಶದ ದೊಡ್ಡ ವಿಹಾರನೌಕೆಗಳ ನೆಲದಲ್ಲಿ ತೇಗದ ಕಂದು ಪಟ್ಟಿಗಳ ನಡುವೆ ಹಾಲಿ ಎಂಬ ಬಿಳಿ ಮರದ ಸಣ್ಣ ಗೆರೆಗಳನ್ನು ಕೂರಿಸುವುದು ಹಳೆಯ ರೂಢಿ. ಅದರ ಚಿತ್ರವನ್ನು ತೋರಿಸಿದಾಗ ಇವರು ಹಾಲಿಯ ಬದಲು ಹಲಸಿನ ಮರದ ಗೆರೆಗಳನ್ನು ಹಾಕಿದರು. ಹಲಸಿನ ಹಳದಿ ಬಣ್ಣ ಎರಡು ವರ್ಷಗಳಲ್ಲಿ ಜೇನಿನ ಬಣ್ಣಕ್ಕೆ ತಿರುಗಿದೆ. ಬಂದವರೆಲ್ಲ ಮೊದಲು ನೋಡುವುದು ನೆಲವನ್ನೇ. ಆ ನೆಲದ್ದೇ ಬೇರೊಂದು ಕಥೆಯಿದೆ, ಅದನ್ನು ಮುಂದೆ ಹೇಳುತ್ತೇನೆ.

ಸಾಗರದ ಕೆಲಸ ಎಂದ ಮೇಲೆ ಗುಡಿಗಾರರ ಕೆತ್ತನೆಯ ಮಾತು ಬರದೆ ಇರುವುದಿಲ್ಲ. ಕ್ಯಾಬಿನ್ನಿನ ಪ್ರವೇಶದ ಮೇಲೆ ಶಿವನೆ ಮರದಲ್ಲಿ ಬಳ್ಳಿ ಮತ್ತು ಹಂಸಗಳ ಒಂದು ಪಟ್ಟಿಯನ್ನು ಅವರು ಕೆತ್ತಿಸಿ ತಂದರು. ಶಿವನೆ ಹಗುರ, ಹವೆಗೆ ಹೆಚ್ಚು ಸೊಟ್ಟಗಾಗುವುದಿಲ್ಲ, ಆದ್ದರಿಂದ ಮರದ ಆಯ್ಕೆ ಸರಿಯೇ. ಆದರೆ ನನ್ನ ಅಭಿಪ್ರಾಯ ಬೇಕಿದ್ದರೆ, ಆಳವಾದ ಕೆತ್ತನೆ ದೋಣಿಗೆ ಹೊಂದುವುದಿಲ್ಲ. ಸಂದುಗಳಲ್ಲಿ ತೇವ ನಿಲ್ಲುತ್ತದೆ, ಮಳೆಗಾಲದಲ್ಲಿ ಹಂಸಗಳ ಕೊರಳಿಗೆ ಬೂಷ್ಟು ಬರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಮ್ಮ ಮನೆಯವರು ಅದನ್ನು ತಿಕ್ಕುತ್ತಾ ನನ್ನ ಮುಖ ನೋಡುತ್ತಾರೆ.

ಬೂಷ್ಟಿನ ಮಾತನ್ನು ಇಷ್ಟಕ್ಕೇ ಬಿಡುವಂತಿಲ್ಲ, ಏಕೆಂದರೆ ಮಲೆನಾಡಿನಲ್ಲಿ ದೋಣಿಯ ಒಳಾಂಗಣದ ನಿಜವಾದ ಶತ್ರು ಅದೇ. ಸಮುದ್ರದ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ಆದರೆ ಮರವನ್ನು ಕೊಳೆಸುವ ಶಿಲೀಂಧ್ರಗಳನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ನಮ್ಮದು ಸಿಹಿನೀರು, ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಮರದ ತೇವಾಂಶ ಶೇಕಡಾ 20ನ್ನು ದಾಟಿ ಹಾಗೆಯೇ ಉಳಿದರೆ ಕೊಳೆಯಲು ಮತ್ತೇನೂ ಬೇಕಾಗಿಲ್ಲ. ಆದ್ದರಿಂದ ಗಾಳಿ ಆಡಬೇಕು, ನೀರು ಬರಬಾರದು. ಇದಕ್ಕೆ ಭಾವನವರು ಸೂಚಿಸಿದ್ದು ಡೊರೇಡ್ ಪೆಟ್ಟಿಗೆ. 1931ರಲ್ಲಿ ಅಟ್ಲಾಂಟಿಕ್ ದಾಟುವ ಹಾಯಿಪಂದ್ಯವನ್ನು ಗೆದ್ದ ಡೊರೇಡ್ ಎಂಬ ನೌಕೆಯಿಂದ ಬಂದ ಹೆಸರು ಅದು. ಒಂದು ಪೆಟ್ಟಿಗೆ, ಒಂದು ತುದಿಯಲ್ಲಿ ಗಾಳಿ ಹಿಡಿಯುವ ಕೊಳವೆ, ಇನ್ನೊಂದು ತುದಿಯಲ್ಲಿ ಒಳಗಿಳಿಯುವ ಕೊಳವೆ. ಒಳಗಿಳಿಯುವ ಕೊಳವೆಯ ಬಾಯಿ ಪೆಟ್ಟಿಗೆಯ ತಳಕ್ಕಿಂತ ಎತ್ತರದಲ್ಲಿರುವುದರಿಂದ ಗಾಳಿಯ ಜೊತೆ ನುಗ್ಗಿದ ನೀರು ಪೆಟ್ಟಿಗೆಯಲ್ಲೇ ಬಿದ್ದು ಬದಿಯ ತೂತಿನಿಂದ ಹೊರಗೆ ಹರಿದುಹೋಗುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಕಾಗದದ ಮೇಲೆ ಒಮ್ಮೆ ಗೀಚಿ ತೋರಿಸಿದ್ದಕ್ಕೆ ಇವರು ಎರಡು ದಿನಗಳಲ್ಲಿ ಎರಡು ಪೆಟ್ಟಿಗೆಗಳನ್ನು ತೇಗದಲ್ಲಿ ಮಾಡಿಕೊಟ್ಟರು. ಇಡೀ ಕೆಲಸದಲ್ಲಿ ಅತ್ಯುತ್ತಮವಾದದ್ದು ಯಾವುದೆಂದು ಕೇಳಿದರೆ ನಾನು ಕೈತೋರುವುದು ಈ ಪೆಟ್ಟಿಗೆಗಳ ಕಡೆಗೆ. ಕಪಾಟಿನ ಬಾಗಿಲುಗಳಿಗೆ ಓರೆಪಟ್ಟಿಗಳನ್ನು ಇಟ್ಟು ಗಾಳಿಗೆ ದಾರಿ ಕೊಟ್ಟದ್ದೂ, ಹಾಸಿಗೆಯಡಿ ಪೂರ್ತಿ ಹಲಗೆಯ ಬದಲು ಎರಡೆರಡು ಬೆರಳು ಸಂದು ಬಿಟ್ಟ ಪಟ್ಟಿಗಳನ್ನು ಹಾಕಿದ್ದೂ ಚೆನ್ನಾಗಿಯೇ ಫಲ ಕೊಟ್ಟಿವೆ. ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ನಮ್ಮ ಹಾಸಿಗೆಗಳ ಅಡಿಮೈ ಎರಡು ಮಳೆಗಾಲ ಒಣಗಿಯೇ ಇತ್ತು.

ಪ್ಲೈವುಡ್ಡಿನ ಕಣ್ಣಿಗೆ ಕಾಣುವ ಅಂಚುಗಳಿಗೆಲ್ಲ ನೀರು ಹೀರದಂತೆ ಎಪಾಕ್ಸಿ ಎಂಬ ರಾಳದ ಲೇಪ ಹಚ್ಚಿದ್ದರು, ಕಾಣದ ಕಡೆ ಬಿಟ್ಟಿದ್ದರು. ಕೊಳವೆ ಮತ್ತು ತಂತಿಗಳಿಗಾಗಿ ಕೊರೆದ ತೂತುಗಳ ಒಳಮೈ ಹಸಿ ಮರವಾಗಿಯೇ ಉಳಿದಿತ್ತು. ನೀರು ಹಾಳೆಯ ಮುಖದಿಂದ ಒಳಹೋಗುವುದಿಲ್ಲ, ಅಂಚಿನಿಂದ ಹೀರಿಕೊಳ್ಳುತ್ತದೆ; ಮೊದಲ ವರ್ಷವೇ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ತೂತಿನ ಸುತ್ತ ಹಾಳೆ ಊದಿಕೊಂಡಿತು. ಕರೆದಾಗ ಬಂದು ಸರಿಮಾಡಿದರು, ದುಡ್ಡು ಕೇಳಲಿಲ್ಲ.

ಅಡುಗೆಕಟ್ಟೆಯ ಮೊದಲ ನಕ್ಷೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮನೆಯಲ್ಲಿ ಮಾಡುವಂತೆಯೇ ಗ್ಯಾಸ್ ಸಿಲಿಂಡರನ್ನು ಒಲೆಯ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದರು. ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಡಿಯಿಂದಾದರೂ ಹೊರಗೆ ಹೋದೀತು. ದೋಣಿಯಲ್ಲಿ ಸೋರಿದರೆ ತಳಕ್ಕಿಳಿದು ನೀರಿನಂತೆ ಅಲ್ಲೇ ನಿಲ್ಲುತ್ತದೆ, ಇಂಜಿನ್ನಿನ ಒಂದು ಕಿಡಿ ಸಾಕು. ಸಿಲಿಂಡರಿಗೆ ಹೊರಗೆ, ಹಿಂಬದಿಯ ಕಟ್ಟೆಯಲ್ಲಿ ಪ್ರತ್ಯೇಕ ಗೂಡಾಗಬೇಕು, ಆ ಗೂಡು ಕ್ಯಾಬಿನ್ನಿನ ಕಡೆಗೆ ಪೂರ್ತಿ ಮುಚ್ಚಿರಬೇಕು, ಅದರ ತಳದಿಂದ ನೀರಿನ ಮಟ್ಟಕ್ಕಿಂತ ಮೇಲೆ ಹೊರಕ್ಕೆ ತೆರೆಯುವ ಕೊಳವೆ ಇರಬೇಕು ಎಂದು ಹಟ ಹಿಡಿದು ಮಾಡಿಸಿದೆವು. ಯಾರೇ ಮನೆಕೆಲಸದ ಬಡಗಿಗಳಿಂದ ದೋಣಿಯ ಕೆಲಸ ಮಾಡಿಸುವುದಾದರೂ ಈ ಒಂದು ವಿಷಯವನ್ನು ಬಾಯಿಮಾತಿಗೆ ಬಿಡದೆ ಬರೆದೇ ಕೊಡಬೇಕು. ಉಳಿದಂತೆ ಅಡುಗೆಕಟ್ಟೆ ಸೊಗಸಾಗಿದೆ. ಮೇಜು ಮತ್ತು ಕಟ್ಟೆಯ ಸುತ್ತ ಒಂದೂವರೆ ಅಂಗುಲ ಎತ್ತರದ ತಡೆಪಟ್ಟಿ ಇದೆ, ಮೂಲೆಗಳಲ್ಲಿ ಕಸ ಗುಡಿಸಲು ಸಂದು ಬಿಟ್ಟಿದ್ದಾರೆ. ಎಲ್ಲ ಮೂಲೆಗಳೂ ದುಂಡಗಿವೆ. ಡ್ರಾಯರುಗಳನ್ನು ಸ್ವಲ್ಪ ಮೇಲಕ್ಕೆತ್ತಿಯೇ ಎಳೆಯಬೇಕು, ಮುಂಭಾಗದ ಕೆಳಗೆ ಕಚ್ಚು ಇದೆ. ಇದರ ಬೆಲೆ ನಮಗೆ ತಿಳಿದದ್ದು ಬೇಸಗೆಯಲ್ಲಿ. ಮೇ ತಿಂಗಳಲ್ಲಿ ಹಿನ್ನೀರು ದೂರ ಸರಿದು ದೋಣಿ ಕೆಸರಿನ ಮೇಲೆ ಓರೆಯಾಗಿ ಕುಳಿತಿತ್ತು, ಒಳಗೆ ಹೋಗಿ ನೋಡಿದರೆ ಒಂದು ಚಮಚವೂ ನೆಲಕ್ಕೆ ಬಿದ್ದಿರಲಿಲ್ಲ.

ಇನ್ನು ನೆಲ. ತೇಗ ಮತ್ತು ಹಲಸಿನ ಆ ನೆಲವನ್ನು ಅವರು ಮೂಲೆಯಿಂದ ಮೂಲೆಗೆ ಒಂದೇ ಹಾಸಾಗಿ ಮಾಡಿ, ಅಂಟು ಮತ್ತು ಮೊಳೆ ಎರಡನ್ನೂ ಕೊಟ್ಟು ಕೂರಿಸಿದ್ದರು. ಸಂದೊಂದು ಇರಲಿಲ್ಲ, ಚಾಪೆ ನೇಯ್ದಂತೆ ಇತ್ತು. ನಾವೆಲ್ಲ ಬಾಗಿ ನೋಡಿ ಭೇಷ್ ಎಂದೆವು, ಹಡಗಿನಲ್ಲಿ ಜೀವಮಾನ ಕಳೆದ ಭಾವನವರೂ ಸೇರಿ. ನೆಲದ ಕೆಳಗೆ, ದೋಣಿಯ ತಳದಲ್ಲಿ ನೀರು ಬಂದು ಒಟ್ಟಾಗುವ ತಗ್ಗಿಗೆ ಬಿಲ್ಜ್ ಎನ್ನುತ್ತಾರೆ. ಇಂಜಿನ್ನಿನ ಹನಿ, ಬಾಗಿಲಿನಿಂದ ಬಂದ ಮಳೆ, ಒಳಮೈಯಲ್ಲಿ ಬೆವರಿದ ತೇವ ಎಲ್ಲವೂ ಅಲ್ಲಿಗೇ ಇಳಿಯುತ್ತವೆ. ಅದನ್ನು ಹೊರಹಾಕಲು ಒಂದು ಪಂಪು ಇರುತ್ತದೆ, ನೀರು ಏರಿದರೆ ಅದು ತಾನಾಗಿಯೇ ಚಾಲೂ ಆಗುತ್ತದೆ. ನಮ್ಮ ದೋಣಿಯಲ್ಲೂ ಇತ್ತು, ನೆಲದ ಒಂದು ಅಡಿ ಚೌಕದ ಮುಚ್ಚಳದ ಕೆಳಗೆ. ತಳದ ಉಳಿದ ಇಪ್ಪತ್ತು ಅಡಿ ಉದ್ದಕ್ಕೂ ಕೈ ಹೋಗುವ ದಾರಿಯೇ ಇರಲಿಲ್ಲ.

2024ರ ಜುಲೈನಲ್ಲಿ, ವಾರವಿಡೀ ಸುರಿದ ಮಳೆಯ ನಡುವೆ, ಒಂದು ಬೆಳಿಗ್ಗೆ ಕ್ಯಾಬಿನ್ ಬಾಗಿಲು ತೆರೆದರೆ ನೆಲದ ಮೇಲೆ ಪಾದ ಮುಳುಗುವಷ್ಟು ನೀರಿತ್ತು. ಪಂಪು ಓಡುತ್ತಿತ್ತು, ಆದರೆ ಅದರ ಬಳಿಗೆ ನೀರು ಬರುತ್ತಿರಲಿಲ್ಲ. ಕೆಲಸದ ಕಾಲದ ಮರದ ಹೊಟ್ಟು ಮತ್ತು ಚಕ್ಕೆಗಳು ಅಡ್ಡಪಟ್ಟಿಗಳಲ್ಲಿ ನೀರು ಹರಿಯಲೆಂದು ಬಿಟ್ಟ ಸಣ್ಣ ಕಿಂಡಿಗಳಲ್ಲಿ ಸಿಕ್ಕಿಕೊಂಡು, ಮುಂದಿನ ಅರ್ಧ ದೋಣಿಯ ನೀರನ್ನು ಅಣೆಕಟ್ಟಿನಂತೆ ತಡೆದಿದ್ದವು. ಆ ಕಿಂಡಿಗಳಿಗೆ ಒಂದು ಕಡ್ಡಿ ತೂರಿಸಿದ್ದರೆ ಐದು ನಿಮಿಷದ ಕೆಲಸ. ಕಡ್ಡಿ ತೂರಿಸಲು ಜಾಗವಿಲ್ಲದ ಕಾರಣ ಅಷ್ಟು ಚೆಂದದ ನೆಲವನ್ನು ಗರಗಸ ಹಾಕಿ ಕೊಯ್ಯಬೇಕಾಯಿತು. ಕೊಯ್ದವರು ಅದನ್ನು ಮಾಡಿದ ಆಚಾರ್ರೇ. ಮಳೆಗೆ ಗೊರಬಲು ಹೊದ್ದು ಬಂದರು, ಒಂದು ಮಾತೂ ಆಡದೆ ಕೊಯ್ದರು. ಆ ದಿನ ಅವರ ಮುಖ ನೋಡಲು ನನಗೆ ಕಷ್ಟವಾಯಿತು. ನೆಲವೆಲ್ಲ ಬಿಚ್ಚಿ ತೆಗೆಯುವಂತಿರಬೇಕು ಎಂದು ನಾವು ಹೇಳಿರಲಿಲ್ಲ ಎಂಬುದು ಕಾರ್ಖಾನೆಯವರ ವಾದ. ನಿಜ, ಹೇಳಿರಲಿಲ್ಲ. ಆದರೆ ಒಡೆದು ನೋಡದೆ ಒಳಗೇನಿದೆಯೆಂದು ತಿಳಿಯಲಾಗದ ಕೆಲಸವನ್ನು ಮಾಡುವವರು ಒಮ್ಮೆಯಾದರೂ ಕೇಳಬೇಕಿತ್ತು ಎಂಬುದು ನನ್ನ ವಾದ. ಕೊನೆಗೆ ಖರ್ಚನ್ನು ಅರ್ಧರ್ಧ ಹಂಚಿಕೊಂಡೆವು. ಈಗ ನೆಲ ಒಂಬತ್ತು ತುಂಡುಗಳಲ್ಲಿದೆ, ಪ್ರತಿಯೊಂದಕ್ಕೂ ಬೆರಳು ಹಾಕಿ ಎತ್ತುವ ಹಿತ್ತಾಳೆಯ ಮಡಚು ಬಳೆ ಇದೆ. ಹಲಸಿನ ಗೆರೆಗಳು ಒಂದು ತುಂಡಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಸೇರುವಂತೆ ಆಚಾರ್ರು ಕೂರಿಸಿದ್ದಾರೆ, ಕೊಯ್ದ ಗುರುತನ್ನು ಹುಡುಕಿ ತೋರಿಸಬೇಕು. 2025ರ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತುಂಡುಗಳನ್ನೆತ್ತಿ ತಳ ಒರೆಸಿದೆವು, ನೀರು ಒಮ್ಮೆಯೂ ಮೇಲೆ ಬರಲಿಲ್ಲ. ನೆಲಕ್ಕೆ ಕೊಟ್ಟ ಪಾಲಿಶ್ ಮಾತ್ರ ಅತಿಯಾಯಿತು, ಒದ್ದೆ ಕಾಲಿಗೆ ಜಾರುತ್ತದೆ.

ಹಾಸಿಗೆ ಮತ್ತು ದಿಂಬಿನ ಕೆಲಸವನ್ನು ಕಾರ್ಖಾನೆಯವರು ಬೇರೆಯವರಿಗೆ ವಹಿಸಿದ್ದರು. ಮೊದಲು ರೆಕ್ಸಿನ್ ಹೊದಿಸಿ ತಂದದ್ದನ್ನು ವಾಪಸು ಕಳಿಸಿದೆವು, ಬೆನ್ನಿಗೆ ಅಂಟುತ್ತದೆ ಮತ್ತು ಒಳಗೆ ಬೆವರುತ್ತದೆ. ಈಗಿರುವುದು ಬಿಚ್ಚಿ ಒಗೆಯಬಹುದಾದ ಅಕ್ರಿಲಿಕ್ ಬಟ್ಟೆ; ಜಿಪ್ ತುಕ್ಕು ಹಿಡಿಯದ ಪ್ಲಾಸ್ಟಿಕ್ಕಿನದು. ಮಂಚದ ಉದ್ದ ಆರೂವರೆ ಅಡಿ, ಸಾಕು.

ದೀಪ ಮತ್ತು ತಂತಿಯ ಕೆಲಸ ಅವರದೇ ಪರಿಚಯದ ಇಲೆಕ್ಟ್ರೀಷಿಯನ್ ಮಾಡಿದ್ದು. ಮನೆಗೆ ಎಳೆಯುವ ಒಂಟಿ ಎಳೆಯ ತಾಮ್ರದ ತಂತಿಯನ್ನು ತಂದಿದ್ದರು. ಇಂಜಿನ್ನಿನ ನಡುಕಕ್ಕೆ ಅದು ಒಳಗೊಳಗೇ ತುಂಡಾಗುತ್ತದೆಂದು ಹೇಳಿ, ಸಣ್ಣ ಎಳೆಗಳ, ತವರ ಲೇಪದ ತಂತಿಯನ್ನು ತರಿಸಿದೆವು. ಎಲ್ಲವೂ 12 ವೋಲ್ಟಿನದು. ಚುಕ್ಕಾಣಿಯ ಬಳಿ ಒಂದು ಕೆಂಪು ದೀಪವಿದೆ. ಕೆಂಪು ಬೆಳಕಿನಲ್ಲಿ ಕಣ್ಣು ಕತ್ತಲೆಯ ಅಭ್ಯಾಸವನ್ನು ಕಳೆದುಕೊಳ್ಳುವುದಿಲ್ಲ. ನೀರು ಇಳಿದಾಗ ಹಿನ್ನೀರಿನಲ್ಲಿ ತಲೆ ಎತ್ತುವ ಮುಳುಗಡೆಯ ಮರದ ಬೊಡ್ಡೆಗಳನ್ನು ಕಂಡವರಿಗೆ ಅದರ ಉಪಯೋಗವನ್ನು ವಿವರಿಸಬೇಕಾಗಿಲ್ಲ.

ಒಟ್ಟು ಖರ್ಚು, ನೆಲವನ್ನು ಮತ್ತೆ ಮಾಡಿಸಿದ ನಮ್ಮ ಪಾಲೂ ಸೇರಿ, 7 ಲಕ್ಷ 40 ಸಾವಿರ ರೂಪಾಯಿ. ಮೂರು ತಿಂಗಳು ಎಂದಿದ್ದು ಐದು ತಿಂಗಳಾಯಿತು. ನಡುವೆ ಒಂದು ಮದುವೆಮನೆಯ ಕೆಲಸಕ್ಕೆಂದು ಇಡೀ ತಂಡ ಹದಿನೆಂಟು ದಿನ ಕಾಣೆಯಾಗಿತ್ತು, ಫೋನು ಎತ್ತಲಿಲ್ಲ. ಈ ಒಂದು ನಡತೆಯನ್ನು ನಾನು ಕ್ಷಮಿಸಿಲ್ಲ. ಲೆಕ್ಕ ಮಾತ್ರ ಪೈಸೆ ಪೈಸೆಗೂ ಸರಿಯಿತ್ತು, ಉಳಿದ ತೇಗದ ತುಂಡುಗಳನ್ನೂ ಕಟ್ಟಿ ಮನೆಗೆ ಕಳಿಸಿದರು.

ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಇನ್ನು ದೋಣಿ ಯಾಕೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅವರನ್ನು ಒಳಗೆ ಕರೆದು ಕೂರಿಸಿ ಚಹಾ ಕೊಡುತ್ತೇನೆ. ದೋಣಿ ಇರುವವರು ಈ ಕಾರ್ಖಾನೆಗೆ ಹೋಗಬಹುದೇ ಎಂದು ಕೇಳಿದರೆ, ದೋಣಿಯನ್ನು ಬಲ್ಲ ಒಬ್ಬರು ದಿನವೂ ಪಕ್ಕದಲ್ಲಿ ನಿಲ್ಲುವುದಾದರೆ ಖಂಡಿತ ಹೋಗಬಹುದು ಎನ್ನುತ್ತೇನೆ. ಕೆಲಸ ಒಪ್ಪಿಸಿ ಬೆಂಗಳೂರಿಗೆ ಹೋಗಿ ಕೂರುವವರಾದರೆ ಬೇಡ. ಹಿಂಬದಿಯ ತೆರೆದ ಕಟ್ಟೆಗೆ ಆಸನ ಮತ್ತು ಪೆಟ್ಟಿಗೆಗಳ ಕೆಲಸ ಇನ್ನೂ ಬಾಕಿಯಿದೆ. ದೀಪಾವಳಿ ಕಳೆದ ಮೇಲೆ ಬರುವಂತೆ ಅದೇ ಆಚಾರ್ರಿಗೆ ಹೇಳಿದ್ದೇನೆ. ಮೊನ್ನೆ ಅವರು ಅಳತೆ ತೆಗೆದುಕೊಳ್ಳಲು ಬಂದಾಗ ಟೇಪು ಬಿಚ್ಚುವ ಮೊದಲೇ ಕೇಳಿದ್ದು, “ಮುಚ್ಚಳ ಎಷ್ಟು ಬೇಕು ಹೆಗಡೇರೇ, ಎಲ್ಲೆಲ್ಲಿ ಕೈ ಹೋಗಬೇಕು ಅಂತ ಮೊದ್ಲು ಹೇಳಿ” ಎಂದು.